ಶಾಲು ಸೈಕಲ್ಲಿಗೆ, ರಸ್ತೆ ಕಾರಿಗೆ

2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಅಂಚಿಗೆ ಗೆರೆ ಎಳೆದು, ಕಂಬ ನೆಟ್ಟು, ಇದು ಸೈಕಲ್ಲಿನ ಪಥ ಎಂದು ಸಾರಿದರು. ಅದರೊಳಗೆ ನುಗ್ಗಿದವರಲ್ಲಿ ಬೈಕಿನವರೇ ಮುಂದು. ತಮ್ಮದಕ್ಕೂ ಎರಡೇ ಚಕ್ರ, ಒಂದೇ ವಂಶ ಎಂದು ಅವರು ಭಾವಿಸಿರಬೇಕು. ಕಂಬಗಳು ಒಂದೊಂದಾಗಿ ಅಡ್ಡ ಮಲಗಿದವು. ಜಯನಗರದಲ್ಲಿ ಇದಕ್ಕೂ ಎಷ್ಟೋ ಮೊದಲೇ ಸೈಕಲ್ ಪಥ ಗುರುತಿಸಿದ್ದರು. ಮರದ ನೆರಳೂ ಇದ್ದುದರಿಂದ ಕಾರುಗಳಿಗೆ ಅದು ಬಹಳ ಹಿಡಿಸಿತು.

ಇದರಿಂದ ನಮಗೆ ಸೈಕಲ್ ಮೇಲೆ ಪ್ರೀತಿಯಿಲ್ಲ ಎಂದು ಯಾರೂ ತಿಳಿಯಬಾರದು. ಪ್ರತಿ ಜೂನ್ 3ಕ್ಕೆ ವಿಶ್ವ ಸೈಕಲ್ ದಿನ ಬರುತ್ತದೆ. ಅಂದು ಗಣ್ಯರು ಹೊಸ ಹೆಲ್ಮೆಟ್ ಧರಿಸಿ, ಒಂದು ಕಾಲು ನೆಲಕ್ಕೂರಿ, ಹಸಿರು ಬಾವುಟ ಬೀಸುತ್ತಾರೆ. ಕೆಲಸವಿಲ್ಲದ ಹಿರಿಯ ಕಲಾವಿದರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಮನೆಗೆ ಹೋಗಲು ಆಟೊ ಮಾತ್ರ ಮಾಡಿಕೊಡದೆ ಕಳಿಸುತ್ತೇವಲ್ಲ, ಹಾಗೆ. 2020ರ ಅದೇ ಜೂನ್ 3ರಂದು ದೆಹಲಿ ಬಳಿಯ ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ ಬಾಗಿಲು ಹಾಕಿತು. ಮುಹೂರ್ತ ಇಟ್ಟವರು ಯಾರೋ ತಿಳಿಯದು.

ಹಿಂದಿನ ಕಾಲದಲ್ಲಿ ಆಳುವವರಿಗೆ ಸೈಕಲ್ ಕಂಡರೆ ಇಷ್ಟೊಂದು ಗೌರವ ಇರಲಿಲ್ಲ. ಊರಿನ ಪುರಸಭೆಗೆ ಅದರ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಡಬಲ್ ರೈಡ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ರಾತ್ರಿ ಡೈನಮೊ ದೀಪ ಉರಿಯದಿದ್ದರೆ ಚಕ್ರದ ಗಾಳಿ ತೆಗೆದು ಕಳಿಸುತ್ತಿದ್ದರು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದ ಹುಡುಗನಿಗೂ ಆ ಪೇದೆಯ ಭಯವಿತ್ತು. ಎಷ್ಟು ಸುಖದ ದಿನಗಳು! ದಂಡ ಹಾಕಬೇಕಾದರೆ ಅದು ವಾಹನ ಎಂದು ಮೊದಲು ಒಪ್ಪಬೇಕು. ಇಂದು ಸೈಕಲ್ಲಿನವನು ಕೆಂಪು ದೀಪ ದಾಟಿದರೂ ಯಾವ ಕ್ಯಾಮೆರಾವೂ ಕಣ್ಣು ಮಿಟುಕಿಸುವುದಿಲ್ಲ. ದಯವಿಟ್ಟು ಒಂದು ಚೀಟಿ ಹರಿದುಕೊಡಿ ಎಂದು ಅವನೇ ಠಾಣೆಗೆ ಹೋಗಿ ಕೇಳಿಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ಮಾತ್ರ ಜಿಎಸ್‌ಟಿ ಮಂಡಳಿ ಸೈಕಲ್ಲನ್ನು ಮರೆತಿರಲಿಲ್ಲ. 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಪರಿಸರದ ಕಾಳಜಿಯಿಂದ. ಹೊಗೆಯನ್ನೂ ಬಿಡದ, ವಿದ್ಯುತ್ತನ್ನೂ ಕೇಳದ ಸೈಕಲ್ಲಿಗೆ ಶೇ 12 ಹಾಗೆಯೇ ಉಳಿಯಿತು. ತುಳಿಯುವವನ ಬೆವರಿನಿಂದ ವಾತಾವರಣಕ್ಕೆ ಏನಾದರೂ ಆದೀತೆಂಬ ಅಂಜಿಕೆ ಇದ್ದಿರಬಹುದು. 2025ರ ಸೆಪ್ಟೆಂಬರಿನಲ್ಲಿ ಕೊನೆಗೂ ಎರಡನ್ನೂ ಸಮ ಮಾಡಿದರು. ಆರು ವರ್ಷ ತುಳಿದು ಸೈಕಲ್ಲು ಕಾರನ್ನು ಹಿಡಿದ ಪ್ರಸಂಗ ದೇಶದಲ್ಲಿ ಇದೊಂದೇ ಇರಬೇಕು.

ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಸೇವೆ ಶುರುವಾಯಿತು. ಒಳ್ಳೆಯ ಕೆಲಸವೇ. ಆದರೆ ಅದೇ ಮೈಸೂರಿಗೆ ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ತುಳಿದುಕೊಂಡು ಹೋಗುತ್ತೇನೆ ಎಂದರೆ ಬಿಡುವುದಿಲ್ಲ. 2023ರ ಆಗಸ್ಟಿನಿಂದ ಬೈಕು, ಆಟೊ, ಎತ್ತಿನ ಗಾಡಿಯ ಸಾಲಿನಲ್ಲಿ ಸೈಕಲ್ಲಿಗೂ ಅದರ ಮುಖ್ಯ ಪಥ ನಿಷಿದ್ಧ. ಸೈಕಲ್ ಬೇಕೆಂದರೆ ಮೈಸೂರು ತಲುಪಿದ ಮೇಲೆ ತುಳಿಯಬಹುದು, ಕಾರಿನಲ್ಲಿ ಹೋಗಿ.

ಹಾಗೆ ಹೋಗುವವರಿಗೇನೂ ಕೊರತೆಯಿಲ್ಲ. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ಬುಡಕ್ಕೆ ಬಂದು ನೋಡಿ. ಲಕ್ಷ ರೂಪಾಯಿಯ ಸೈಕಲ್ ದೊಡ್ಡ ಕಾರಿನ ಬೆನ್ನೇರಿ ಬರುತ್ತದೆ. ಇಳಿಸಿ, ಬೆಟ್ಟ ಹತ್ತಿಸಿ, ಚಿತ್ರ ತೆಗೆದು, ಮತ್ತೆ ಕಾರಿಗೆ ಕಟ್ಟಿ ಮನೆಗೆ ಒಯ್ಯುತ್ತಾರೆ. ಅವರ ಅಪಾರ್ಟ್‌ಮೆಂಟಿನ ಕಾವಲುಗಾರನೂ ಸೈಕಲ್ಲಿನವನೇ. ನಿತ್ಯ ತುಳಿದೇ ಬರುತ್ತಾನೆ. ಅವನ ಸೈಕಲ್ಲಿಗೆ ನೆಲಮಾಳಿಗೆಯಲ್ಲಿ ಜಾಗವಿಲ್ಲ, ಕಾಂಪೌಂಡಿನ ಹೊರಗೆ ಮೋರಿಯ ಪಕ್ಕ ಇದೆ. ಹೊಟ್ಟೆಪಾಡಿಗೆ ತುಳಿದರೆ ಬಡವ, ಹೊಟ್ಟೆ ಕರಗಿಸಲು ತುಳಿದರೆ ಪರಿಸರಪ್ರೇಮಿ. ಇನ್ನು ಅಲ್ಲಿನ ಮಕ್ಕಳ ಬಣ್ಣದ ಸೈಕಲ್‌ಗಳು ಕಾರಿನ ಹಿಂದೆ ಧೂಳು ತಿನ್ನುತ್ತಿವೆ. ಗೇಟಿನ ಹೊರಗೆ ತುಳಿಯಬಾರದು ಎಂಬುದು ಅಮ್ಮನ ಆಜ್ಞೆ, ಒಳಗೆ ತುಳಿಯಬಾರದು ಎಂಬುದು ನಿವಾಸಿಗಳ ಸಂಘದ ಫಲಕ.

ಹಳ್ಳಿಯ ಮಕ್ಕಳ ಕಥೆ ಬೇರೆ. 2006-07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಗೆ ಸೈಕಲ್ ಕೊಡುತ್ತಿತ್ತು. ಏಳರವರೆಗೆ ಊರಲ್ಲೇ ಶಾಲೆ, ಎಂಟಕ್ಕೆ ಮೈಲಿಗಟ್ಟಲೆ ದೂರದ ಪ್ರೌಢಶಾಲೆ. ಎಷ್ಟೋ ಹುಡುಗಿಯರ ಓದು ಮುಗಿಯುತ್ತಿದ್ದುದು ಆ ನಡುವಿನ ದಾರಿಯಲ್ಲಿ. ಸರ್ಕಾರಿ ಯೋಜನೆಯೊಂದು ಇಷ್ಟು ನೇರವಾಗಿ ಕೆಲಸಕ್ಕೆ ಬಂದರೆ ಸಹಿಸುವುದು ಕಷ್ಟ. ಕೋವಿಡ್ ಬಂದಾಗ ವಿತರಣೆ ನಿಂತಿತು. ಕೋವಿಡ್ ಹೋದದ್ದು ಸೈಕಲ್ ಶಾಖೆಗೆ ಯಾರೂ ತಿಳಿಸಿದಂತಿಲ್ಲ.

ಆದರೂ ನಿರಾಶೆ ಬೇಡ, ರಾಜಕಾರಣವಿದೆ. 2021ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಇಂಧನ ಬೆಲೆ ಏರಿಕೆ ಖಂಡಿಸಿ ಸೈಕಲ್ಲಿನಲ್ಲೇ ವಿಧಾನಸೌಧಕ್ಕೆ ಬಂದರು. ಅಧಿಕಾರ ಸಿಕ್ಕಿತು. 2024ರ ಜೂನ್‌ನಲ್ಲಿ ಅವರದೇ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೆ ಲೀಟರಿಗೆ 3 ರೂಪಾಯಿ ಹೆಚ್ಚಿಸಿತು. ಹಿಂದೆ ಆಳುತ್ತಿದ್ದ ಬಿಜೆಪಿಯವರು ಬೀದಿಗಿಳಿದರು. ನಾಯಕರು ಸೈಕಲ್ ಹತ್ತಿದರೆಂದರೆ ಮುಂದೆ ಪೊಲೀಸರು, ಹಿಂದೆ ಕಾರ್ಯಕರ್ತರು, ಪಕ್ಕದಲ್ಲಿ ಟೀವಿಯವರು. ಲಾರಿ, ಬಸ್ಸು ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಈ ಊರಿನಲ್ಲಿ ನಿರ್ಭಯವಾಗಿ ಪೆಡಲು ತುಳಿಯುವ ಆಸೆಯಿರುವವರು ಪೆಟ್ರೋಲ್ ಬೆಲೆ ಏರುವವರೆಗೆ ತಾಳ್ಮೆಯಿಂದಿದ್ದು, ಆ ಹೊತ್ತಿಗೆ ವಿರೋಧದಲ್ಲಿ ಯಾರಿದ್ದಾರೆಂದು ನೋಡಿಕೊಂಡು ಆ ಪಕ್ಷದ ಸದಸ್ಯತ್ವ ಪಡೆಯತಕ್ಕದ್ದು.