ಅಪ್ಪುಗೆಯ ತೇವಾಂಶ ಎಷ್ಟು?

ನಮ್ಮ ನಾಯಕರನ್ನು ಹೊರದೇಶದವರು ಪ್ರೀತಿಸಬೇಕೋ, ಗೌರವಿಸಬೇಕೋ? ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಸಂಜೆ ಆರಕ್ಕೆ ಈ ಚರ್ಚೆ ಶುರುವಾದರೆ ಮೆಣಸಿನಕಾಯಿ ಮೂರನೇ ಒಬ್ಬೆ ಇಳಿದರೂ ಮುಗಿಯುವುದಿಲ್ಲ. "ಹೆಂಗೆ ಅಪ್ಪಿಕೊಂಡ್ರು ನೋಡಿದ್ರೇನ್ರಿ!" ಅಂತ ಒಬ್ಬರು. "ಅಪ್ಪಿಕೊಂಡಿದ್ದು ನಮ್ಮೋರು, ಅವರು ಸುಮ್ನೆ ನಿಂತಿದ್ರು" ಅಂತ ಇನ್ನೊಬ್ಬರು. ಆಮೇಲೆ ಮೊಬೈಲಿನಲ್ಲಿ ವಿಡಿಯೊ ನಿಧಾನಕ್ಕೆ ಓಡಿಸಿ, ಯಾರ ಕೈ ಮೇಲಿತ್ತು, ಯಾರು ಮೊದಲು ಬಿಟ್ಟರು ಎಂದು ಥರ್ಡ್ ಅಂಪೈರ್ ತೀರ್ಪು.

ಗೌರವದ ಪಾರ್ಟಿಯವರಿಗೆ ಒಂದು ಎಚ್ಚರಿಕೆ. ಅಮೆರಿಕದ ಶಿಷ್ಟಾಚಾರದಲ್ಲಿ ಬೇರೆ ದೇಶದ ರಾಷ್ಟ್ರಾಧ್ಯಕ್ಷರಿಗೆ 21 ಕುಶಾಲತೋಪು, ಪ್ರಧಾನಿಗೆ 19. ಅದು ಕುರ್ಚಿಗೆ ಹಾರಿಸುವ ತೋಪು, ಕೂತವರ ಮುಖ ನೋಡಿ ಅಲ್ಲ. ಒಳಗೆ ಗುಂಡೂ ಇರುವುದಿಲ್ಲ, ಬರೀ ಮದ್ದು. ಎರಡು ತೋಪು ಕಡಿಮೆಯಾಯಿತೆಂದು ಯಾರಾದರೂ ಬಂದ್‌ಗೆ ಕರೆ ಕೊಡುವ ಮೊದಲೇ ಹೇಳಿಬಿಟ್ಟಿದ್ದೇನೆ.

ಪ್ರೀತಿಯ ಪಾರ್ಟಿಯವರು ಜಂಟಿ ಹೇಳಿಕೆ ಓದಬೇಕು. ಅದನ್ನು ಬರೆಯುವವರು ಅಧಿಕಾರಿಗಳು. ನಾಯಕರು ವಿಮಾನ ಹತ್ತುವ ಮೊದಲೇ ಕರಡು ಓಡಾಡುತ್ತಿರುತ್ತದೆ. ಒಪ್ಪಿಗೆಯಾಗದ ಪದ ಚೌಕ ಕಂಸದೊಳಗೆ ಕೂತಿರುತ್ತದೆ. ಕೊನೆಯ ರಾತ್ರಿ ಒಂದೊಂದೇ ಕಂಸ ಕಿತ್ತು, ಉಳಿದದ್ದಕ್ಕೆ "ಫಲಪ್ರದ" ಎಂಬ ಬಣ್ಣ. "ಮುಕ್ತ ಮಾತುಕತೆ" ಎಂದಿದ್ದರೆ ಜಗಳ ಆಗಿದೆ ಎಂದೇ ತಿಳಿಯಿರಿ.

ನಿಜವಾದ ಕೈಕುಲುಕು ನೋಡಬೇಕೆಂದರೆ ದನದ ಜಾತ್ರೆಗೆ ಹೋಗಬೇಕು. ಅಲ್ಲಿ ಇಬ್ಬರ ಕೈಮೇಲೆ ಒಂದು ಟವೆಲ್. ಅದರ ಕೆಳಗೆ ಬೆರಳು ಹಿಡಿದು ರೇಟು ಹೇಳುವುದು. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ, ಮಧ್ಯದಲ್ಲಿ ಮಡಚಿದರೆ ಅರ್ಧ. ಮುಖದ ಮೇಲೆ ನಗು ಇಲ್ಲ, ಸಿಟ್ಟೂ ಇಲ್ಲ. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ಎತ್ತಿನ ಹಲ್ಲು ಎಣಿಸದೆ, ನಾಲ್ಕು ಹೆಜ್ಜೆ ನಡೆಸಿ ಕುಂಟು ನೋಡದೆ, ಮಾರುವವನನ್ನು ಅಪ್ಪಿಕೊಂಡು ಹಗ್ಗ ಹಿಡಿದು ಹೊರಟವನನ್ನು ಜಾತ್ರೆ ಪೂರ್ತಿ ಆಡಿಕೊಂಡು ನಗುತ್ತದೆ. ದೆಹಲಿ, ವಾಷಿಂಗ್ಟನ್‌ಗಳಲ್ಲಿ ಟವೆಲ್ಲೂ ಇಲ್ಲ, ಹಲ್ಲು ನೋಡುವವರೂ ಇಲ್ಲ. ಕ್ಯಾಮೆರಾ ಮಾತ್ರ ನಲವತ್ತು.

ಒಬ್ಬರೇ ನಾಯಕಿ, ಮೆಚ್ಚುಗೆ, ಬೈಗುಳ ಎರಡೂ ಅನುಭವಿಸಿದವರು ಇಂದಿರಾ ಗಾಂಧಿ. 1966ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋದಾಗ ಅಧ್ಯಕ್ಷ ಜಾನ್ಸನ್ ಮೆಚ್ಚಿಕೊಂಡದ್ದೇ ಮೆಚ್ಚಿಕೊಂಡದ್ದು. ಮೆಚ್ಚಿ ಕೊಟ್ಟದ್ದೇನು? ಜೂನ್ 6ಕ್ಕೆ ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ನಮಗೆ ಬರುತ್ತಿದ್ದ ನೆರವಿನ ಗೋಧಿ ಹಡಗುಗಳ ಹಗ್ಗ ಜಾನ್ಸನ್ ಕೈಯಲ್ಲೇ. ವಿಯೆಟ್ನಾಂ ಬಗ್ಗೆ ನಾವು ಬಾಯಿಬಿಟ್ಟರೆ ಹಗ್ಗ ಬಿಗಿ. ಶಾಲೆಯಲ್ಲಿ ಅಮೆರಿಕದ ನೆರವಿನ ಹಳದಿ ಉಪ್ಪಿಟ್ಟು ತಿಂದ ತಲೆಮಾರಿಗೆ ಆ ಪ್ರೀತಿಯ ರುಚಿ ಗೊತ್ತು. 1971ರ ನವೆಂಬರ್‌ನಲ್ಲಿ ಅದೇ ಊರಿಗೆ ಹೋದರು. ಆಗಿನ ಅಧ್ಯಕ್ಷ ನಿಕ್ಸನ್ ಇಂದಿರಾ ಬೆನ್ನ ಹಿಂದೆ ಬೈದ ಬೈಗುಳ ಅವರದೇ ಟೇಪಿನಲ್ಲಿದ್ದು, 2005ರಲ್ಲಿ ಹೊರಬಿತ್ತು. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯತ್ತ ಎಂಟರ್‌ಪ್ರೈಸ್ ಎಂಬ ಯುದ್ಧನೌಕೆಯನ್ನೂ ಕಳಿಸಿದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ನಮಗೆ ಶರಣಾಯಿತು. ಆಗಸ್ಟ್‌ನಲ್ಲೇ ಸೋವಿಯತ್ ಜತೆ ಒಪ್ಪಂದಕ್ಕೆ ಸಹಿ ಬಿದ್ದಿತ್ತು, ಸೇನೆಗೆ ತಯಾರಾಗಲು ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತು. ನಿಕ್ಸನ್‌ಗೆ ಅವರು ಇಷ್ಟವೋ ಇಲ್ಲವೋ ಎಂದು ಆಗ ಯಾರೂ ಸಮೀಕ್ಷೆ ಮಾಡುತ್ತಾ ಕೂರಲಿಲ್ಲ.

ಈಗಿನ ಪ್ರೀತಿಗೆ ಬರೋಣ. 2019ರ ಸೆಪ್ಟೆಂಬರ್, ಅಮೆರಿಕದ ಹ್ಯೂಸ್ಟನ್, ಒಂದೇ ವೇದಿಕೆಯಲ್ಲಿ ಮೋದಿ, ಟ್ರಂಪ್, ಎದುರಿಗೆ ಸುಮಾರು 50 ಸಾವಿರ ಜನ. 2020ರ ಫೆಬ್ರುವರಿ, ಅಹಮದಾಬಾದಿನ ಮೊಟೇರಾ ಕ್ರೀಡಾಂಗಣ, ಅದೇ ಜೋಡಿ, ಲಕ್ಷಕ್ಕೂ ಮೇಲೆ. 2025ರ ಆಗಸ್ಟ್ 27ಕ್ಕೆ ನಮ್ಮ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು. ನಮ್ಮ ಮಾರುಕಟ್ಟೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹಸಿ ಮೆಕ್ಕೆಜೋಳ ಯಾವಾಗಲೂ ತೂಕ ಜಾಸ್ತಿ. ಶೇ 20 ತೇವಾಂಶದ ಒಂದು ಕ್ವಿಂಟಲ್ ಒಣಗಿ ಶೇ 14ಕ್ಕೆ ಬಂದಾಗ 93 ಕೆ.ಜಿ. ಸರಕಾರಿ ಖರೀದಿಗೆ 14ರ ಮಿತಿ. ಅದಕ್ಕಿಂತ ಹಸಿಯಾಗಿ ರಾಶಿ ಹಾಕಿದರೆ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಕೋಳಿ ಫೀಡಿನವರೂ ಮುಟ್ಟುವುದಿಲ್ಲ. ರೈತನ ಕಾಳಿಗೆ ಮೀಟರ್ ಇದೆ. ಅಪ್ಪುಗೆಗೆ ಇಲ್ಲ.

ಇನ್ನು ಗೌರವ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಗಡಿಪಾರಾದ 104 ಮಂದಿ ಭಾರತೀಯರು, ಹಲವರ ಕೈಗೆ ಕೋಳ, ಕಾಲಿಗೆ ಸರಪಳಿ. ಅದು 2012ರಿಂದಲೂ ಇರುವ ಅವರ ಪದ್ಧತಿ ಎಂದು ಮರುದಿನ ರಾಜ್ಯಸಭೆಯಲ್ಲಿ ನಮ್ಮ ವಿದೇಶಾಂಗ ಸಚಿವರೇ ವಿವರಿಸಿದರು. ಅವರ ಪರವಾಗಿ ನಾವು ವಿವರಿಸಿದೆವು! ಹೊಲ ಮಾರಿ ಏಜೆಂಟನ ಕೈಗೆ ದುಡ್ಡು ಸುರಿದು ಕಾಡು ದಾಟಿ ಹೋದವರವರು. ತಪ್ಪು ಮಾಡಿದರು, ವಾಪಸು ಕಳಿಸಲಿ. ಅಷ್ಟು ದೂರ ಕಾಲಿಗೆ ಸರಪಳಿ ಏಕೆ ಎಂದು ಗಟ್ಟಿಯಾಗಿ ಕೇಳಲು ಯಾರ ಪ್ರೀತಿ ಬೇಕಿತ್ತು, ಯಾರ ಗೌರವ ಬೇಕಿತ್ತು? ಬೇಜಾರಾಗುತ್ತದೆ, ಮಾರಾಯ್ರೆ. ನಗಿಸಿ ನಗಿಸಿ ಸಾಕಾಗಿದೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಸಚಿವ ಲಟ್ನಿಕ್ ದೂರಿದರು: ಭಾರತದ 140 ಕೋಟಿ ಜನ ಅವರಿಂದ ಒಂದು ಬುಶೆಲ್ ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವಂತೆ. ಮೆಕ್ಕೆಜೋಳದ ಬುಶೆಲ್ ಎಂದರೆ 25.4 ಕೆ.ಜಿ., ನಮ್ಮ ಅರ್ಧ ಚೀಲ. ಅದೇ ಹಂಗಾಮಿನಲ್ಲಿ ಕ್ವಿಂಟಲ್ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ 2,400 ರೂಪಾಯಿ ಎಂದು ಬೋರ್ಡಿನಲ್ಲಿತ್ತು; ಎಪಿಎಂಸಿಯಲ್ಲಿ ಎರಡು ಸಾವಿರವೂ ಹುಟ್ಟಲಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ವಿಡಿಯೊ ಇನ್ನೂ ಓಡುತ್ತಿದೆ. ಹೊರಗೆ ಮೋಡ ಕವಿದಿದೆ, ರಸ್ತೆ ಮೇಲೆ ಹರವಿದ ಕಾಳು ಹಾಗೇ ಇದೆ. ಸ್ವಾಮಿ, ಆ ಮೊಬೈಲ್ ಇಟ್ಟು ತಾಡಪಾಲಿನ ಆ ತುದಿ ಹಿಡೀರಿ.