ಕೇಬಲ್ ಬಿಚ್ಚಿಯೇ ಇನ್‌ಸ್ಟಾಲ್ ಮಾಡಿ

ಸರ್, ಒಂದೇ ಕಂಪ್ಯೂಟರಿನ ಎರಡು ಡಿಸ್ಕುಗಳಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕೋದರ ಬಗ್ಗೆ ನಿಮ್ಮ ಲೇಖನದಲ್ಲಿ "ಬೂಟ್‌ಲೋಡರ್‌ಗೆ ಎರಡನೇ ಡಿಸ್ಕ್ ಆರಿಸಿದರೆ ಸಾಕು, ವಿಂಡೋಸ್ ಡಿಸ್ಕ್ ತಂಟೆಗೆ ಹೋಗಲ್ಲ" ಅಂತ ಬರೆದಿದ್ದೀರಿ. ಬೂಟ್‌ಲೋಡರ್ ಅಂದರೆ ಕಂಪ್ಯೂಟರ್ ಆನ್ ಮಾಡಿದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಂ. ದಯವಿಟ್ಟು ಈ ಸಾಲು ತಿದ್ದಿ. ಉಬುಂಟು 20.04ರ ಇನ್‌ಸ್ಟಾಲರ್‌ಗೆ ಎರಡನೇ ಡಿಸ್ಕ್ ತೋರಿಸಿದರೂ ಅದು ಮೊದಲ ಡಿಸ್ಕಿನ (ನನ್ನಲ್ಲಿ ವಿಂಡೋಸ್ ಡಿಸ್ಕ್) ಇಎಫ್‌ಐ ಪಾರ್ಟಿಶನ್‌ಗೇ, ಅಂದರೆ ಬೂಟ್ ಫೈಲುಗಳಿರುವ ಭಾಗಕ್ಕೇ, ತನ್ನ ಬೂಟ್‌ಲೋಡರ್ ಗ್ರಬ್ ಹಾಕುತ್ತಿತ್ತು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶಕ್ಕಾಗಿ ವಿಂಡೋಸ್ ಬೇಕೇ ಬೇಕು, ಉಳಿದದ್ದಕ್ಕೆಲ್ಲ ಉಬುಂಟು. ಒಂದು ದಿನ ವಿಂಡೋಸ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು, ಬಿಚ್ಚಿ ಪಕ್ಕಕ್ಕಿಟ್ಟೆ. ಉಬುಂಟು ಬೇರೆ ಡಿಸ್ಕಿನಲ್ಲಿದೆ, ಏಳುತ್ತದೆ ಅಂದುಕೊಂಡಿದ್ದೆ. ಏಳಲಿಲ್ಲ, ಗ್ರಬ್ ಇದ್ದದ್ದು ಬಿಚ್ಚಿಟ್ಟ ಡಿಸ್ಕಿನಲ್ಲೇ. ಕಪ್ಪು ಪರದೆ, ಬೂಟ್ ಡಿಸ್ಕ್ ಇಲ್ಲ ಅನ್ನೋ ಒಂದೇ ಸಾಲು. ಲಗ್ನಪತ್ರಿಕೆ ಪ್ರೂಫ್ ನೋಡಲು ಬಂದವರು ಎದುರಿಗೇ ಕೂತಿದ್ದರು. ಅವತ್ತಿನ ಸಂಕಟ ಇನ್ನೂ ನೆನಪಿದೆ.

ಈಗ ನಾನು ಮಾಡೋದು ಇಷ್ಟೇ. ಕರೆಂಟ್ ತೆಗೆದು, ವಿಂಡೋಸ್ ಡಿಸ್ಕಿನ ಸಾಟಾ ಕೇಬಲ್ ಬಿಚ್ಚಿ, ಆಮೇಲೆ ಉಬುಂಟು ಹಾಕುತ್ತೇನೆ. ಮುಗಿದ ಮೇಲೆ ಕೇಬಲ್ ವಾಪಸ್. ಯಾವುದು ಬೇಕೋ ಅದನ್ನು ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನುವಿನಲ್ಲಿ ಆರಿಸಿದರಾಯ್ತು. ನನ್ನ ಮದರ್‌ಬೋರ್ಡಿನಲ್ಲಿ ಅದಕ್ಕೆ ಎಫ್12 ಒತ್ತಬೇಕು, ನಿಮ್ಮದರಲ್ಲಿ ಬೇರೆ ಇರಬಹುದು. ವಿಂಡೋಸ್ ಹಾಕುವಾಗಲೂ ಹೀಗೇ ಮಾಡಿ. ಅದೂ ಇನ್ನೊಂದು ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಶನ್ ಕಂಡರೆ ತನ್ನ ಬೂಟ್ ಫೈಲುಗಳನ್ನು ಅಲ್ಲಿಗೇ ತುಂಬಬಹುದು.

ಇನ್ನೊಂದು ಮಾತು ಬಿಟ್ಟಿದ್ದೀರಿ. ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ 5:30 ಗಂಟೆ ಹಿಂದೆ ಬೀಳುತ್ತದೆ ಅಲ್ವಾ? ಸುಮಾರು ಜನ ಸುಮ್ನೆ ಬೋರ್ಡಿನ ಸೆಲ್ ಬದಲಾಯಿಸುತ್ತಾರೆ. ಉಬುಂಟು ಬೋರ್ಡಿನ ಗಡಿಯಾರವನ್ನು ಯುಟಿಸಿ (ನಮ್ಮ ಸಮಯಕ್ಕಿಂತ 5:30 ಗಂಟೆ ಹಿಂದಿರುವ ವಿಶ್ವ ಸಮಯ) ಅಂತ ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಅಂತ. ಎರಡರಲ್ಲಿ ಒಂದರ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.