ಯಾರು ಎಲ್ಲಿರಬೇಕು ಅಂತ ಮೇಲಿನವರು ಹೇಳುವ ಊರು

ಬೆಂಗಳೂರಿನಿಂದ ದಿಲ್ಲಿಗೆ ಬರುವ ನೆಂಟರಿಗೆಲ್ಲ ಒಂದೇ ಗುಂಗು. ಇಂಡಿಯಾ ಗೇಟಿನ ಸುತ್ತ ಒಂದು ರೌಂಡು ಹೊಡೆಸಿದರೆ ಸಾಕು, 'ರಸ್ತೆ ಅಂದ್ರೆ ಹೀಗಿರಬೇಕು ನೋಡಿ! ಎಷ್ಟು ಅಗಲ, ಎಷ್ಟು ಮರ! ನಮ್ಮೂರು ಯಾವ ಕಾಲಕ್ಕೆ ಹೀಗಾಗುತ್ತೋ' ಅಂತ ಶುರು ಮಾಡುತ್ತಾರೆ. ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು ಬೇಸತ್ತ ಜೀವಗಳು, ಪಾಪ. ನಾನು ಎದುರಾಡುವುದಿಲ್ಲ. ಆದರೆ ಇಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ ಮೇಲೆ ಈ ಅಗಲ ರಸ್ತೆಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ, ಒಂದು ಅನುಮಾನ ಬರುತ್ತದೆ. ಇಷ್ಟು ಜಾಗ ಖಾಲಿ ಸಿಕ್ಕಿದ್ದು ಹೇಗೆ? ಈ ಊರಲ್ಲಿ ಯಾರು ಎಲ್ಲಿ ಬಾಳಬೇಕು ಅಂತ ಬಾಳುವವರು ನಿರ್ಧರಿಸಿದ್ದು ಕಡಿಮೆ. ಆಳುವವರು ನಿರ್ಧರಿಸಿದ್ದೇ ಜಾಸ್ತಿ.

ನಮ್ಮನ್ನೇ ತೆಗೆದುಕೊಳ್ಳಿ. ದಿಲ್ಲಿ ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ 'ಯಾವ ಕಡೆಯವರು?' ಎರಡನೆಯದು 'ಯಾವ ಟೈಪು?' ಕೇಂದ್ರ ಸರ್ಕಾರದ ಕ್ವಾರ್ಟರ್ಸ್ ಟೈಪ್ ಒಂದರಿಂದ ಎಂಟರವರೆಗೆ ಇವೆ. ಟೈಪ್ ಹೇಳಿದರೆ ಸಂಬಳ ಹೇಳಿದ ಹಾಗೇ. ಬಡ್ತಿ ಬಂದರೆ ಮೇಲಿನ ಟೈಪಿಗೆ ಅರ್ಜಿ, ಪಾತ್ರೆಪಗಡ ಕಟ್ಟುವ ಕೆಲಸ. ರಿಟೈರ್ ಆದರೆ ಕೆಲವೇ ತಿಂಗಳಲ್ಲಿ ಬೀಗದ ಕೈ ಒಪ್ಪಿಸಿ ಹೊರಡಬೇಕು. ಮಗಳು ಹುಟ್ಟಿ ಬೆಳೆದ ಮನೆಗೆ ಮರುವಾರವೇ ಬೇರೆ ಯಾರದೋ ಹೆಸರಿನ ಬೋರ್ಡು.

ಇದು ಇಂಗ್ಲಿಷರು ಹಾಕಿಕೊಟ್ಟ ದಾರಿ. 1911ರ ಡಿಸೆಂಬರ್‌ನಲ್ಲಿ ಐದನೇ ಜಾರ್ಜ್ ದರ್ಬಾರು ನಡೆಸಿ, ರಾಜಧಾನಿ ಕಲ್ಕತ್ತೆಯಿಂದ ಇಲ್ಲಿಗೆ ಬರುತ್ತದೆ ಅಂದ. 1931ರಲ್ಲಿ ಹೊಸ ದಿಲ್ಲಿಯ ಉದ್ಘಾಟನೆ ಆಯಿತು. ನಡುವೆ ರೈಸಿನಾ, ಮಾಲ್ಚಾದಂಥ ಹಳ್ಳಿಗಳ ಜಮೀನು ಭೂಸ್ವಾಧೀನವಾಯಿತು. ಗುಡ್ಡದ ಮೇಲೆ ವೈಸ್‌ರಾಯ್. ಕೆಳಗೆ ಹುದ್ದೆಗೆ ತಕ್ಕ ಹಾಗೆ ಬಂಗಲೆ, ಹುದ್ದೆಗೆ ತಕ್ಕ ಹಾಗೆ ಕಾಂಪೌಂಡು. ಗುಮಾಸ್ತರಿಗೆ ಗೋಲ್ ಮಾರ್ಕೆಟ್ ಕಡೆ ಸಾಲು ಮನೆಗಳು. ನೆಂಟರು ಮೆಚ್ಚುವ ಮರಗಳಿರುವುದು ಮುಖ್ಯವಾಗಿ ಬಂಗಲೆಗಳ ಬೀದಿಯಲ್ಲಿ ಅನ್ನುವುದನ್ನೂ ಗಮನಿಸಬೇಕು.

ಇಂಗ್ಲಿಷರೇ ಶುರು ಮಾಡಿದ್ದೂ ಅಲ್ಲ. ನಾವು ಮಾತುಮಾತಿಗೂ 'ತುಘಲಕ್ ದರ್ಬಾರು' ಅನ್ನುತ್ತೇವಲ್ಲ, ಆ ಮಹಮದ್ ಬಿನ್ ತುಘಲಕ್ 1327ರ ಹೊತ್ತಿಗೆ ದಿಲ್ಲಿಯವರನ್ನು ದೌಲತಾಬಾದಿಗೆ ಹೊರಡಿಸಿದ. ನಾಯಿ ಬೆಕ್ಕು ಸಹಿತ ಊರು ಖಾಲಿಯಾಯಿತು ಅನ್ನುವುದು ಕಟ್ಟುಕತೆ ಇರಬಹುದು. ಹೋದವರಲ್ಲಿ ಹೆಚ್ಚಿನವರು ಅಮೀರರು, ಉಲೇಮಾಗಳು, ಸೂಫಿಗಳು. ಹಾಗೆ ಹೋದ ಒಂದು ಮನೆಯಲ್ಲಿ ಒಬ್ಬ ಪುಟ್ಟ ಹುಡುಗನಿದ್ದ. ತಂದೆ ಅಲ್ಲೇ ತೀರಿಕೊಂಡರು. ಹುಡುಗ ದಿಲ್ಲಿಗೆ ಮರಳಿ, ಸೂಫಿ ಸಂತ ಚಿರಾಗ್ ದೆಹ್ಲವಿಯವರ ಶಿಷ್ಯನಾಗಿ, ಇಲ್ಲೇ ಮುದುಕನಾದ. 1398ರಲ್ಲಿ ತೈಮೂರ್ ದಂಡೆತ್ತಿ ಬಂದಾಗ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಗಂಟುಮೂಟೆ ಕಟ್ಟಿದ. ಕೊನೆಗೆ ನೆಲೆ ನಿಂತದ್ದು ನಮ್ಮ ಕಲಬುರಗಿಯಲ್ಲಿ. ಖ್ವಾಜಾ ಬಂದೇ ನವಾಜ್ ಅಂದರೆ ಇವರೇ. ಇವತ್ತು ಅವರ ಉರುಸಿಗೆ ಹಿಂದೂ ಮುಸ್ಲಿಂ ಅನ್ನದೆ ಜನ ಸೇರುತ್ತಾರೆ. ದಿಲ್ಲಿ ಎರಡೆರಡು ಸಲ ಎಬ್ಬಿಸಿ ಕಳಿಸಿದ ಒಬ್ಬ ಮನುಷ್ಯನನ್ನು ಕಲಬುರಗಿ ಆರುನೂರು ವರ್ಷದಿಂದ ಇಟ್ಟುಕೊಂಡಿದೆ. ಊರುಗಳ ನಡುವಿನ ವ್ಯತ್ಯಾಸ ಅಂದರೆ ನನಗೆ ಮೊದಲು ನೆನಪಾಗುವುದು ಇದು, ಮೆಟ್ರೋ ಅಲ್ಲ.

ಶಹಜಹಾನಾಬಾದ್, ಅಂದರೆ ಈಗಿನ ಹಳೇ ದಿಲ್ಲಿ, ಸ್ವಲ್ಪ ಬೇರೆ ಥರ. 1639ರಲ್ಲಿ ಕೋಟೆಗೆ ಪಾಯ ಹಾಕಿ, 1648ರಲ್ಲಿ ಬಾದಶಹ ಒಳಗೆ ಬಂದ. ಬಾದಶಹನ ಊರೇ ಆದರೂ ಗಲ್ಲಿಗಳು ಕಸುಬಿನಿಂದ ಬೆಳೆದವು. ದರೀಬಾದಲ್ಲಿ ಬೆಳ್ಳಿ, ಕಿನಾರಿ ಬಜಾರಿನಲ್ಲಿ ಜರಿ, ಖಾರಿ ಬಾವಲಿಯಲ್ಲಿ ಮಸಾಲೆ. ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಅಲ್ಲಿ ನಡೆಯುವಾಗ ನನಗೆ ಬೆಂಗಳೂರಿನ ತರಗುಪೇಟೆಯಲ್ಲೇ ಇದ್ದ ಹಾಗಾಗುತ್ತದೆ. ಇಲ್ಲಿ ರಸ್ತೆ ಅಗಲ ಇಲ್ಲ, ನೆಂಟರು ಹತ್ತೇ ನಿಮಿಷಕ್ಕೆ 'ಸಾಕು, ಹೊರಡೋಣ' ಅನ್ನುತ್ತಾರೆ.

ಆದರೆ ಇದೂ ಉಳಿಯಲಿಲ್ಲ. 1857ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷರು ಊರನ್ನು ಮತ್ತೆ ಹಿಡಿದಾಗ ಜನರನ್ನು ಗೋಡೆಯಾಚೆಗೆ ಅಟ್ಟಿದರು. ಚಳಿಗಾಲವಿಡೀ ಸಾವಿರಾರು ಸಂಸಾರಗಳು ಬಯಲಲ್ಲಿ, ಗೋರಿಗಳ ನಡುವೆ ಕಳೆದವು. ಹಿಂದೂಗಳನ್ನು ಮೊದಲು ಒಳಗೆ ಬಿಟ್ಟರು, ಮುಸ್ಲಿಮರನ್ನು ಇನ್ನೂ ಬಹಳ ಕಾಲ ಕಾಯಿಸಿದರು. ಬಲ್ಲಿಮಾರಾನ್‌ನಲ್ಲಿ ಉರ್ದು ಕವಿ ಗಾಲಿಬನ ಗಲ್ಲಿ ಉಳಿದದ್ದೂ ಒಂದು ಅದೃಷ್ಟದಿಂದ. ಅಲ್ಲಿದ್ದ ಹಕೀಮರು ಪಟಿಯಾಲದ ಮಹಾರಾಜರಿಗೆ ಬೇಕಾದವರು. ಮಹಾರಾಜರು ಇಂಗ್ಲಿಷರ ಪಕ್ಷ. ಹಾಗಾಗಿ ಗಲ್ಲಿ ಬಾಗಿಲಿಗೆ ಅವರ ಸಿಪಾಯಿಗಳ ಕಾವಲು ಬಂತು. ದೊಡ್ಡವರ ಪರಿಚಯ ಇದ್ದವನ ಬೀದಿಗೆ ಕಾವಲು, ಇಲ್ಲದವನ ಬೀದಿಗೆ ಸುತ್ತಿಗೆ. ಕೆಂಪುಕೋಟೆಗೂ ಜಾಮಾ ಮಸೀದಿಗೂ ನಡುವೆ ಇದ್ದ ಮನೆ, ಹವೇಲಿ, ಬಜಾರುಗಳನ್ನು ನೆಲಸಮ ಮಾಡಿದರು. ಈಗ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಕೋಟೆ ಮುಂದಿನ ಬಯಲು ಇದೆಯಲ್ಲ, ಅದು ಹೀಗೆ ಬಯಲಾದದ್ದು.

1947ರ ಕತೆ ಗೊತ್ತಿರುವಂಥದ್ದೇ. ಪುರಾನಾ ಕಿಲಾದಲ್ಲಿ ಪಾಕಿಸ್ತಾನಕ್ಕೆ ಹೊರಟ ಮುಸ್ಲಿಮರು ರೈಲಿಗೆ ಕಾದರು. ಆ ಕಡೆಯಿಂದ ಬಂದ ಪಂಜಾಬಿಗಳು ಕಿಂಗ್ಸ್‌ವೇ ಕ್ಯಾಂಪಿನ ಡೇರೆಗಳಲ್ಲಿ ಮನೆಗೆ ಕಾದರು. 1941ರಲ್ಲಿ ಸುಮಾರು 9 ಲಕ್ಷ ಇದ್ದ ಜನಸಂಖ್ಯೆ 1951ಕ್ಕೆ 17 ಲಕ್ಷ ದಾಟಿತು. ಲಾಜಪತ್ ನಗರ, ರಾಜೇಂದ್ರ ನಗರ, ಪಟೇಲ್ ನಗರ ಎಲ್ಲ ಆಗಿನ ನಿರಾಶ್ರಿತರ ಕಾಲೋನಿಗಳು. ಅಳೆದು ಕೊಟ್ಟ ಸಣ್ಣ ಮನೆಗಳಲ್ಲಿ ಶುರು ಮಾಡಿ ಇಡೀ ಊರಿನ ವ್ಯಾಪಾರವನ್ನೇ ಕೈಗೆ ತೆಗೆದುಕೊಂಡ ಆ ಜನರ ಛಲಕ್ಕೆ ಕೈ ಮುಗಿಯಬೇಕು.

ಸ್ವತಂತ್ರ ಬಂದ ಮೇಲಾದರೂ ಬುದ್ಧಿ ಬದಲಾಯಿತೇ? ತುರ್ತು ಪರಿಸ್ಥಿತಿಯಲ್ಲಿ ಊರ ನಡುವಿನ ಗುಡಿಸಲುಗಳನ್ನು ಕಿತ್ತು, ಲಕ್ಷಗಟ್ಟಲೆ ಜನರನ್ನು ಲಾರಿಗಳಲ್ಲಿ ತುಂಬಿ ಆಗ ಊರಾಚೆ ಇದ್ದ ಮಂಗೋಲ್‌ಪುರಿ, ಸುಲ್ತಾನ್‌ಪುರಿ, ತ್ರಿಲೋಕಪುರಿಗಳಿಗೆ ಸಾಗಿಸಿದರು. 1976ರ ಏಪ್ರಿಲ್‌ನಲ್ಲಿ ತುರ್ಕ್‌ಮಾನ್ ಗೇಟಿನ ಹತ್ತಿರ ಬುಲ್ಡೋಜರಿಗೆ ಅಡ್ಡ ನಿಂತವರ ಮೇಲೆ ಗೋಲಿಬಾರ್ ಆಯಿತು. ಒಂದು ಸಂಸಾರಕ್ಕೆ ಸಿಕ್ಕ ಜಾಗ 25 ಚದರ ಗಜ. ಅಂದರೆ 225 ಚದರಡಿ, ನಮ್ಮ ಮೂವತ್ತು-ನಲವತ್ತು ಸೈಟಿನ ಐದನೇ ಒಂದು ಭಾಗವೂ ಅಲ್ಲ. ಅದನ್ನು ಪಡೆಯಲು ಸಂತಾನಹರಣ ಆಪರೇಷನ್ ಮಾಡಿಸಿಕೊಂಡ ಸರ್ಟಿಫಿಕೇಟು ತೋರಿಸಬೇಕಾಗಿ ಬಂದವರು ಎಷ್ಟೋ ಜನ. ಒಂದು ವಿಳಾಸಕ್ಕೆ ಇಷ್ಟು ಬೆಲೆ ಕಟ್ಟಿಸಿಕೊಂಡ ಊರು ನಮ್ಮ ದೇಶದಲ್ಲಿ ಇನ್ನೊಂದಿದೆಯೇ?

ಹಾಗಂತ ಬೆಂಗಳೂರು ಬಲು ಸಾಚಾ ಅಂತ ನಾನು ಹೇಳುತ್ತಿಲ್ಲ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅನ್ನುವ ಹೆಸರುಗಳಲ್ಲಿ ಕಸುಬಿನ ಹಿಂದೆ ಜಾತಿಯೂ ಇದೆ. 1809ರಲ್ಲಿ ಇಂಗ್ಲಿಷರ ದಂಡು ಬಂದು ಪೇಟೆಯ ಪಕ್ಕದಲ್ಲೇ ಬಿಳಿಯರ ಇನ್ನೊಂದು ಊರು ಕಟ್ಟಿತು. ಎರಡೂ ಒಂದೇ ಕಾರ್ಪೊರೇಷನ್ ಆಗಲು 1949ರವರೆಗೆ ಕಾಯಬೇಕಾಯಿತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಉಸಿರು ಕಟ್ಟಿದ್ದರಿಂದ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಆಮೇಲೆ ಐಟಿಐ, ಬಿಇಎಲ್ ಕಾಲೋನಿಗಳಲ್ಲಿ ನಮ್ಮಲ್ಲೂ ಸಂಬಳ ನೋಡಿ ಮನೆ ಕೊಟ್ಟರು. ಆದರೆ ಊರು ಅವುಗಳ ಸುತ್ತ ಅಡ್ಡಾದಿಡ್ಡಿಯಾಗಿ ಬೆಳೆದುಬಿಟ್ಟಿತು. ಯಾರದೋ ರೆವಿನ್ಯೂ ಸೈಟು, ಯಾರದೋ ತೋಟ, ಯಾವುದೋ ದೇವಸ್ಥಾನದ ಮೂಲೆ. ಅದರಿಂದಲೇ ರಸ್ತೆ ಸೊಟ್ಟ. ಅದರಿಂದಲೇ ಒಂದು ರಸ್ತೆ ಅಗಲ ಮಾಡಬೇಕಾದರೆ ಹತ್ತು ಜನ ಕೋರ್ಟಿಗೆ ಹೋಗುತ್ತಾರೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಸಿಟ್ಟು ಬರುತ್ತದೆ, ನಿಜ. ಆದರೆ ಕೋರ್ಟಿಗೆ ಹೋಗುವವರು ಇದ್ದಾರೆ ಅನ್ನುವುದೇ ನನ್ನ ಪಾಲಿಗೆ ದೊಡ್ಡ ಮಾತು.

ದಿಲ್ಲಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಸರ್ಕಾರ ಸಂಬಳ ನೋಡಿ ಮನೆ ಕೊಡುತ್ತದೆ, ಕುಲಗೋತ್ರ ನೋಡಿ ಅಲ್ಲ. ನಮ್ಮ ಮೆಟ್ಟಿಲಿನಲ್ಲಿ ಬಿಹಾರದವರು, ಗಢವಾಲದವರು, ಮಲಯಾಳಿಗಳು ಒಟ್ಟಿಗೆ ಇದ್ದೆವು. ಮೀನಿನ ವಾಸನೆಗೆ ಯಾರೂ ದೂರು ಕೊಡಲಿಲ್ಲ, ಕೊಟ್ಟರೂ ಕೇಳುವವರಿರಲಿಲ್ಲ. ಬೆಂಗಳೂರಿನಲ್ಲಿ ತಮ್ಮನಿಗೆ ಬಾಡಿಗೆ ಮನೆ ಹುಡುಕುವಾಗ ಬ್ರೋಕರು ಮೊದಲು ಕೇಳಿದ್ದು 'ವೆಜ್ಜಾ ಸಾರ್?' ಅಂತ. ಆಮೇಲೆ ಓನರ್ ಆಂಟಿ ನಯವಾಗಿ 'ನಿಮ್ಮ ಪೈಕಿ ಯಾರು?' ಅಂದರು. ಅಷ್ಟು ಮಟ್ಟಿಗೆ ಟೈಪ್ ಪದ್ಧತಿಯೇ ಮೇಲು ಅಂತ ಅವತ್ತು ಅನ್ನಿಸಿತ್ತು.

ಈಗ ಆ ಕ್ವಾರ್ಟರ್ಸ್‌ಗಳದ್ದೂ ಸರದಿ. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿ ಏಳು ಸರ್ಕಾರಿ ಕಾಲೋನಿಗಳನ್ನು ಕೆಡವಿ ಹೊಸದಾಗಿ ಕಟ್ಟಲು 2016ರಲ್ಲಿ ಕೇಂದ್ರ ಒಪ್ಪಿತು. 2018ರಲ್ಲಿ ಮರ ಕಡಿಯಲು ಶುರು ಮಾಡಿದಾಗ ಜನ ಮರಗಳನ್ನು ತಬ್ಬಿ ನಿಂತರು, ಹೈಕೋರ್ಟು ತಡೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಆ ಮರಗಳ ಕೆಳಗೆ ಇದ್ದಿಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಹತ್ತಾರು ವರ್ಷ ನಮ್ಮ ಬಟ್ಟೆ ಇಸ್ತ್ರಿ ಮಾಡಿದವರಿದ್ದರು. ಅವರು ಯಾವ ಟೈಪಿಗೂ ಸೇರಿದವರಲ್ಲ. ಅವರ ಪರವಾಗಿ ಒಂದು ಫಲಕ ಹಿಡಿದವರನ್ನು ನಾನು ನೋಡಲಿಲ್ಲ.

ವೋಟಿನಿಂದ ಸರಿ ಮಾಡಿಕೊಳ್ಳೋಣ ಅಂದರೆ ಇಲ್ಲಿ ಆ ದಾರಿಯೂ ಅರ್ಧಂಬರ್ಧ. ದಿಲ್ಲಿಗೆ ಶಾಸಕರಿದ್ದಾರೆ, ಮುಖ್ಯಮಂತ್ರಿ ಇದ್ದಾರೆ. ಆದರೆ ಸಂವಿಧಾನದ 239ಎಎ ಪ್ರಕಾರ ಭೂಮಿ ಅವರ ಕೈಯಲ್ಲಿಲ್ಲ, ಕೇಂದ್ರದ ಕೈಯಲ್ಲಿದೆ. ಬೆಂಗಳೂರಿಗೆ ಆ ಕಟ್ಟು ಇಲ್ಲ. ಆದರೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಒಬ್ಬ ಕಾರ್ಪೊರೇಟರೂ ಇಲ್ಲದೆ, ಅಧಿಕಾರಿಗಳ ಸಹಿಯ ಮೇಲೇ ಊರು ನಡೆಯಿತು. ದಿಲ್ಲಿಯ ರಸ್ತೆ ಬೇಕು ಅನ್ನುವ ನೆಂಟರ ಬಾಯಲ್ಲಿ ಈ ವಿಷಯ ಮಾತ್ರ ಒಂದು ಸಲವೂ ಬಂದಿಲ್ಲ.